ಸಹಿಗಿಂತ ಮೊದಲು ಸ್ನೇಹ



ಪರದೇಶದ ಬಿಷಪರೊಬ್ಬರು ನಮ್ಮ ಕಡೆ ಬರುತ್ತಾರೆ ಎಂಬ ಸುದ್ದಿ ಬಂದರೆ ಸಭೆಯಲ್ಲಿ ಮೊದಲು ಕೇಳಿಬರುವ ಮಾತು, "ಏನು ಕೊಡ್ತಾರಂತೆ?" ನಮ್ಮವರು ಪರದೇಶಕ್ಕೆ ಹೋಗಿ ಬಂದರೆ, "ಏನು ತಂದ್ರಂತೆ?" ನಗುತ್ತಾ ಕೇಳುತ್ತೇವೆ ನಿಜ, ಆದರೆ ಉತ್ತರಕ್ಕೂ ಕಾಯುತ್ತೇವೆ. ಇದಕ್ಕೆ ಕಾರಣವೂ ಇದೆ. ನಮ್ಮ ಅಜ್ಜ ಅಜ್ಜಿಯರು ಓದಿದ ಶಾಲೆ, ಉಳಿದುಕೊಂಡ ಹಾಸ್ಟೆಲ್, ಹೆರಿಗೆಗೆ ಹೋದ ಆಸ್ಪತ್ರೆ, ಎಷ್ಟೋ ಊರುಗಳಲ್ಲಿ ದೇವಾಲಯದ ಗೋಡೆ ಕೂಡ, ಎಂದೂ ನಮ್ಮನ್ನು ನೋಡದ ವಿಶ್ವಾಸಿಗಳ ಕಾಣಿಕೆಯಿಂದ ಎದ್ದವು. ಅದಕ್ಕೆ ನಾವು ಕೃತಜ್ಞರಾಗಿರಲೇಬೇಕು.

ಆದರೆ ದೇಶ ದೇಶಗಳ ಸಭಾನಾಯಕರ ನಡುವಿನ ಸಂಬಂಧವನ್ನು ಕೊಡುವವರು ಮತ್ತು ತೆಗೆದುಕೊಳ್ಳುವವರು ಎಂಬ ಲೆಕ್ಕದಲ್ಲೇ ನೋಡುತ್ತಾ ಕೂತರೆ ನಾವು ಬಹಳ ದೊಡ್ಡದೊಂದನ್ನು ಕಳೆದುಕೊಳ್ಳುತ್ತೇವೆ ಎಂಬುದು ನನ್ನ ಅಭಿಪ್ರಾಯ. ಒಪ್ಪಂದಕ್ಕೆ ಸಹಿ ಹಾಕುವುದು ಒಂದು ದಿನದ ಕೆಲಸ, ಸ್ನೇಹ ಬೆಳೆಸುವುದಕ್ಕೆ ಒಂದು ತಲೆಮಾರು ಬೇಕು. ಮೊದಲನೆಯದು ಎರಡನೆಯದರ ಮೇಲೆ ನಿಂತರೆ ಮಾತ್ರ ಉಳಿಯುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ?

"ನಾವು ಆಂಗ್ಲಿಕನ್ನರಾ?" ಎಂದು ನಮ್ಮ ಯುವಕರ ಕೂಟದಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬಳ್ಳಾರಿ ಮತ್ತು ಅದರ ಸುತ್ತಲಿನ ಈ ಗಡಿಸೀಮೆಗೆ ಸುವಾರ್ತೆ ತಂದವರು ಲಂಡನ್ ಮಿಷನ್ನಿನವರು. ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಬಿಷಪರಿಲ್ಲದ ಸಭಾ ಪದ್ಧತಿಯವರು. ಹಾಗಾಗಿ ಮೂಲದಲ್ಲಿ ನಮ್ಮ ಹಿರಿಯರು ಆಂಗ್ಲಿಕನ್ನರಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು ಮತ್ತು ನಮ್ಮ ಹಿರಿಯರಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಆ ಸಭೆಯ ಮೂಲಕ ಇಂದು ನಾವು ಜಗತ್ತಿನ ಆಂಗ್ಲಿಕನ್ ಕಮ್ಯುನಿಯನ್ನಿನ ಭಾಗ. 165ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ ದೊಡ್ಡ ಕುಟುಂಬ ಅದು.

ಈ ಕುಟುಂಬದ ಒಂದು ವಿಶೇಷವನ್ನು ಗಮನಿಸಬೇಕು. ಇದಕ್ಕೆ ಪೋಪರಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪರಿಗೆ ಗೌರವವಿದೆ, ಆದರೆ ಅವರು ನೈಜೀರಿಯಾದ ಸಭೆಗಾಗಲಿ ಕೆನಡಾದ ಸಭೆಗಾಗಲಿ ನಮಗಾಗಲಿ ಅಪ್ಪಣೆ ಕೊಡುವಂತಿಲ್ಲ. 1867ರಿಂದ ನಡೆದುಬಂದಿರುವ ಲ್ಯಾಂಬೆತ್ ಸಮ್ಮೇಳನದಲ್ಲಿ ಎಲ್ಲ ದೇಶಗಳ ಬಿಷಪರು ಸೇರುತ್ತಾರೆ, ಮಾತಾಡುತ್ತಾರೆ, ಪ್ರಾರ್ಥಿಸುತ್ತಾರೆ, ನಿರ್ಣಯ ಮಾಡುತ್ತಾರೆ. ಆ ನಿರ್ಣಯವೂ ಯಾವ ದೇಶದ ಸಭೆಗೂ ಕಾನೂನಲ್ಲ. ಹಾಗಾದರೆ ಇವರನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿರುವುದು ಏನು? ಒಂದೇ ವಿಶ್ವಾಸ, ಒಂದೇ ಮೇಜು, ಮತ್ತು ಒಬ್ಬರನ್ನೊಬ್ಬರು ಬಲ್ಲ ಸ್ನೇಹ. ಬಲವಂತದ ಹಗ್ಗ ಇಲ್ಲದ ಕಡೆ ಸ್ನೇಹವೇ ಹಗ್ಗ. ಅದು ಸವೆದರೆ ಕಟ್ಟು ಬಿಚ್ಚುತ್ತದೆ.

ದೋರ್ನಕಲ್‌ನಿಂದ ಹೊರಟ ಮಾತು

ಈ ಸತ್ಯವನ್ನು ಜಗತ್ತಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದವರು ನಮ್ಮ ದಕ್ಷಿಣ ಭಾರತದವರೇ. ವೇದನಾಯಗಂ ಸ್ಯಾಮ್ಯುಯೆಲ್ ಅಜರಾಯ ತಿರುನೆಲ್ವೇಲಿ ಸೀಮೆಯ ತಮಿಳರು. ಮಿಷನರಿಯಾಗಿ ಇಂದಿನ ತೆಲಂಗಾಣದ ದೋರ್ನಕಲ್‌ಗೆ ಬಂದು, ತೆಲುಗು ಕಲಿತು, ತೆಲುಗರ ನಡುವೆ ಬಾಳಿದರು. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತರ ಆಸುಪಾಸು. ಆ ಸಭೆಯಲ್ಲಿ ಮೂವತ್ತೈದರ ವಯಸ್ಸಿನ ಅಜರಾಯ ಎದ್ದು ನಿಂತು ಮಿಷನರಿಗಳಿಗೂ ಭಾರತೀಯ ಸಹೋದ್ಯೋಗಿಗಳಿಗೂ ಇರುವ ಸಂಬಂಧದ ಬಗ್ಗೆ ಮಾತಾಡಿದರು.

ಅವರ ಮಾತಿನ ಸಾರ ಇದು. ನೀವು ನಮಗಾಗಿ ಹಣ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ. ಅದನ್ನು ಮುಂದಿನ ತಲೆಮಾರುಗಳೂ ನೆನೆಯುತ್ತವೆ. ಆದರೆ ನಮಗೆ ಪ್ರೀತಿಯೂ ಬೇಕು. ನಮಗೆ ಸ್ನೇಹಿತರು ಬೇಕು. ಒಂದೇ ಕೆಲಸ ಮಾಡುತ್ತಾ ಜೊತೆಗೆ ಕೂತು ಊಟ ಮಾಡದ, ಮನೆಗೆ ಕರೆಯದ ಸಂಬಂಧವನ್ನು ಅವರು ಆ ದೊಡ್ಡ ಸಭೆಯ ಮುಂದೆ ಇಟ್ಟರು. ಕೇಳಿದವರಲ್ಲಿ ಕೆಲವರಿಗೆ ಇರಿಸುಮುರಿಸಾಯಿತು. ಆದರೆ ಆ ಸಮ್ಮೇಳನದ ಎಷ್ಟೋ ಭಾಷಣಗಳು ಮರೆತುಹೋದರೂ ಇದನ್ನು ಸಭಾ ಇತಿಹಾಸ ಓದುವವರು ಇಂದಿಗೂ ಮರೆತಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಜರಾಯರಿಗೆ ಪರದೇಶದ ಸ್ನೇಹಿತರೇ ಇರಲಿಲ್ಲ ಎಂದಲ್ಲ. ವೈ.ಎಂ.ಸಿ.ಎ.ಯಲ್ಲಿ ಜೊತೆಗೆ ದುಡಿದ ಅಮೆರಿಕದ ಶೆರ್ವುಡ್ ಎಡ್ಡಿ ಅವರ ಆಪ್ತ ಸ್ನೇಹಿತರು. ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರನ್ನು ನಂಬಿ ಮುಂದೆ ತಂದವರು. ನಿಜವಾದ ಸ್ನೇಹದ ರುಚಿ ಕಂಡಿದ್ದರಿಂದಲೇ ಅವರಿಗೆ ಅದು ಇಲ್ಲದ ಕಡೆ ಏನು ಕೊರತೆ ಎಂದು ಗೊತ್ತಿತ್ತು. ಎರಡು ವರ್ಷಗಳ ನಂತರ, 1912ರ ಡಿಸೆಂಬರ್ 29ರಂದು, ಕಲ್ಕತ್ತೆಯಲ್ಲಿ ಅವರು ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪರಾದರು. ಸ್ನೇಹ ಕೇಳಿದವರು ಸಹಾಯ ಕೇಳುವವರಾಗಿ ಉಳಿಯಲಿಲ್ಲ, ಸರಿಸಮಾನ ನಾಯಕರಾದರು.

ಎರಡೂ ಕಡೆ ಬಾಣ

ಕೆಮಿಸ್ಟ್ರಿ ಓದಿದವರಿಗೆ ಗೊತ್ತು, ಕೆಲವು ರಾಸಾಯನಿಕ ಕ್ರಿಯೆಗಳಿಗೆ ಒಂದೇ ಬಾಣ ಹಾಕುತ್ತೇವೆ, ಕೆಲವಕ್ಕೆ ಎರಡೂ ಕಡೆ ಬಾಣ ಹಾಕುತ್ತೇವೆ. ಒಂದೇ ಬಾಣದ ಕ್ರಿಯೆಯಲ್ಲಿ ಒಂದು ಕಡೆಯ ಪದಾರ್ಥ ಮುಗಿದ ದಿನ ಎಲ್ಲವೂ ನಿಲ್ಲುತ್ತದೆ. ಸಭೆಗಳ ಸಹಭಾಗಿತ್ವವೂ ಹಾಗೆಯೇ.

ಇದನ್ನು ಆಂಗ್ಲಿಕನ್ ನಾಯಕರು 1963ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಮಹಾಸಮ್ಮೇಳನದಲ್ಲಿ ಬಾಯಿಬಿಟ್ಟು ಒಪ್ಪಿಕೊಂಡರು. ಕ್ರಿಸ್ತನ ದೇಹದಲ್ಲಿ ಪರಸ್ಪರ ಹೊಣೆ ಮತ್ತು ಪರಸ್ಪರ ಅವಲಂಬನೆ ಎಂಬ ಹೆಸರಿನ ಪ್ರಕಟಣೆಯೊಂದು ಅಲ್ಲಿಂದ ಹೊರಬಂತು. ಅಮೆರಿಕದ ಬಿಷಪ್ ಸ್ಟೀಫನ್ ಬೇನ್ ಅದರ ಹಿಂದೆ ದುಡಿದವರಲ್ಲಿ ಮುಖ್ಯರು. ಕೊಡುವ ಸಭೆ, ತೆಗೆದುಕೊಳ್ಳುವ ಸಭೆ ಎಂಬ ಹಳೆಯ ವಿಂಗಡಣೆ ಇನ್ನು ಸಾಕು. ಪ್ರತಿಯೊಂದು ಸಭೆಗೂ ಕೊಡಲು ಏನೋ ಇದೆ, ಪ್ರತಿಯೊಂದಕ್ಕೂ ಬೇಕಾದದ್ದೂ ಇದೆ ಎಂಬುದು ಅದರ ತಿರುಳು. ಒಂದು ದೇಶದ ಡಯಾಸಿಸ್ ಇನ್ನೊಂದು ದೇಶದ ಡಯಾಸಿಸಿನ ಜೊತೆ ನೇರ ನಂಟು ಬೆಳೆಸುವ ಪದ್ಧತಿಗೆ ಅಲ್ಲಿಂದ ಬಲ ಬಂತು. ಇಂಗ್ಲೆಂಡಿನ ಲೆಸ್ಟರ್ ಡಯಾಸಿಸಿಗೂ ನಮ್ಮದೇ ಸಿ.ಎಸ್.ಐ.ನ ತಿರುಚಿ–ತಂಜಾವೂರು ಡಯಾಸಿಸಿಗೂ ಇರುವ ನಂಟು ಇಂಥದ್ದೇ.

ಇಂಥ ನಂಟು ಎಷ್ಟು ಗಟ್ಟಿಯಾಗಬಹುದು ಎಂಬುದಕ್ಕೆ ಸಾಲ್ಸ್‌ಬರಿಯನ್ನೂ ಸುಡಾನನ್ನೂ ನೋಡಬೇಕು. ಇಂಗ್ಲೆಂಡಿನ ಸಾಲ್ಸ್‌ಬರಿ ಡಯಾಸಿಸ್ ಸುಡಾನಿನ ಸಭೆಯ ಕೈ ಹಿಡಿದದ್ದು 1973ರಲ್ಲಿ. ಆಮೇಲೆ ಸುಡಾನಿನಲ್ಲಿ 1983ರಿಂದ 2005ರವರೆಗೆ ಅಂತರ್ಯುದ್ಧ. 2011ರಲ್ಲಿ ದೇಶವೇ ಎರಡಾಯಿತು. ದಕ್ಷಿಣ ಸುಡಾನಿನಲ್ಲಿ ಮತ್ತೆ ಯುದ್ಧ. 2023ರ ಏಪ್ರಿಲ್‌ನಲ್ಲಿ ಖಾರ್ಟೂಮಿನಲ್ಲಿ ಯುದ್ಧ ಹೊತ್ತಿಕೊಂಡು ಅಲ್ಲಿನ ಆರ್ಚ್‌ಬಿಷಪರು ಪೋರ್ಟ್ ಸುಡಾನಿಗೆ ಹೋಗಿ ನೆಲೆಸಬೇಕಾಯಿತು. ಇಷ್ಟೆಲ್ಲ ನಡೆದರೂ ನಂಟು ಹರಿಯಲಿಲ್ಲ. ಚರ್ಚಿನ ಕ್ಲಿನಿಕ್ಕುಗಳಿಗೆ ಔಷಧಿ ಹೋಯಿತು, ಶಿಕ್ಷಣಕ್ಕೆ ನೆರವು ಹೋಯಿತು, ಜನ ಹೋಗಿ ಬಂದರು, ಎರಡೂ ಕಡೆ ಪ್ರಾರ್ಥನೆ ನಿಲ್ಲಲಿಲ್ಲ. ದೇಶ ಎರಡಾದಾಗ ಎರಡೂ ದೇಶಗಳ ಸಭೆಗಳೊಂದಿಗೆ ನಂಟು ಮುಂದುವರಿಯಿತು.

2023ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್, ಕ್ಯಾಂಟರ್ಬರಿಯ ಆರ್ಚ್‌ಬಿಷಪರು ಮತ್ತು ಸ್ಕಾಟ್ಲೆಂಡ್ ಸಭೆಯ ಮಾಡರೇಟರು ಮೂವರೂ ಒಟ್ಟಿಗೆ ದಕ್ಷಿಣ ಸುಡಾನಿಗೆ ಹೋದದ್ದು ಜಗತ್ತಿನ ಟಿ.ವಿ.ಗಳಲ್ಲೆಲ್ಲ ಬಂತು. ಅದು ಬೇಕಿತ್ತು, ಒಳ್ಳೆಯದೇ. ಆದರೆ ಅರ್ಧ ಶತಮಾನ ಸದ್ದಿಲ್ಲದೆ ನಡೆದುಬಂದ ಸಾಲ್ಸ್‌ಬರಿಯ ಸ್ನೇಹ ಟಿ.ವಿ.ಯಲ್ಲಿ ಬರುವಂಥದ್ದಲ್ಲ. ನಾಯಕರು ಕೈಕುಲುಕಿದ ಫೋಟೋ ಬೀಜ ಇದ್ದಂತೆ. ಬೀಜ ಬಿತ್ತಿದ ಮೇಲೆ ನೀರು ಹಾಕಬೇಕಾದವರು ಸಭೆಯ ಜನ.

ಒಪ್ಪಂದವಿಲ್ಲದಾಗ ಏನು ಮಾಡಬೇಕು?

ಈಗ ಕಷ್ಟದ ಮಾತಿಗೆ ಬರೋಣ. ಆಂಗ್ಲಿಕನ್ ಕುಟುಂಬ ಇಂದು ಒಗ್ಗಟ್ಟಾಗಿಲ್ಲ. 2003ರಲ್ಲಿ ಅಮೆರಿಕದ ಸಭೆಯು ಸಲಿಂಗ ಸಂಬಂಧದಲ್ಲಿದ್ದ ಪಾದ್ರಿಯೊಬ್ಬರನ್ನು ಬಿಷಪರನ್ನಾಗಿ ಮಾಡಿದ ಮೇಲೆ ಆಫ್ರಿಕಾದ ಹಲವು ಸಭೆಗಳು ಅಮೆರಿಕದ ಸಭೆಯ ಜೊತೆಗಿನ ಸಂಬಂಧ ಕಡಿದುಕೊಂಡವು. 2008ರಲ್ಲಿ ಲ್ಯಾಂಬೆತ್‌ಗೆ ಹೋಗಲೊಪ್ಪದ ಬಿಷಪರು ಅನೇಕರು ಯೆರೂಸಲೇಮಿನಲ್ಲಿ ಬೇರೆ ಸಮ್ಮೇಳನ ಸೇರಿದರು. 2022ರ ಲ್ಯಾಂಬೆತ್‌ಗೆ ನೈಜೀರಿಯಾ, ಉಗಾಂಡಾ, ರುವಾಂಡಾದ ಬಿಷಪರು ಬರಲಿಲ್ಲ. 2023ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಸೇರಿದವರು ಕ್ಯಾಂಟರ್ಬರಿಯ ನಾಯಕತ್ವವನ್ನೇ ಇನ್ನು ಒಪ್ಪಲಾರೆವು ಎಂದರು.

ಮದುವೆಯ ಕುರಿತ ಆ ಪ್ರಶ್ನೆಗೆ ನಾನು ಇಲ್ಲಿ ತೀರ್ಪು ಬರೆಯುತ್ತಿಲ್ಲ. ಅದು ಸಣ್ಣ ಪ್ರಶ್ನೆಯಲ್ಲ. ಎರಡೂ ಕಡೆಯವರು ಅದನ್ನು ಮನಸ್ಸಾಕ್ಷಿಯ ವಿಷಯ ಎಂದೇ ಹಿಡಿದಿದ್ದಾರೆ. ನನ್ನ ಪ್ರಶ್ನೆ ಬೇರೆ. ಒಪ್ಪದಿದ್ದಾಗ ಮಾತು ನಿಲ್ಲಿಸಬೇಕೇ?

2008ರ ಬಿರುಕಿನ ನಂತರ ಕೆನಡಾ ಮತ್ತು ಆಫ್ರಿಕಾದ ಕೆಲವು ಬಿಷಪರು ಬೇರೆ ದಾರಿ ಹಿಡಿದರು. 2010ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೂತರು. ಮುಂದೆ ದಾರ್ ಎಸ್ ಸಲಾಮ್, ಟೊರಾಂಟೊ, ಕೇಪ್‌ಟೌನ್, ಕೊವೆಂಟ್ರಿ ಹೀಗೆ ಊರಿಂದ ಊರಿಗೆ ಸೇರುತ್ತಾ ಬಂದರು. ಅಭಿಪ್ರಾಯಭೇದ ಕರಗಲಿಲ್ಲ. ಆದರೆ ಒಬ್ಬರ ಡಯಾಸಿಸಿನ ಕಷ್ಟ ಇನ್ನೊಬ್ಬರಿಗೆ ಗೊತ್ತಾಯಿತು. ಕೊವೆಂಟ್ರಿ ಎಂಬ ಊರಿಗೂ ಅರ್ಥವಿದೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಂದ ಅಲ್ಲಿನ ಕೆಥೆಡ್ರಲ್ ಪಾಳಾಯಿತು. ಸುಟ್ಟ ಛಾವಣಿಯ ಮೊಳೆಗಳಿಂದ ಶಿಲುಬೆ ಮಾಡಿದ ಆ ಸಭೆ, ಯುದ್ಧ ಮುಗಿದ ಮೇಲೆ ಜರ್ಮನಿಯ ಕೀಲ್ ಮತ್ತು ಡ್ರೆಸ್ಡನ್ ಊರುಗಳ ಜೊತೆಗೇ ಸ್ನೇಹ ಕಟ್ಟಿತು.

ನಾವು ಈ ಜಗಳವನ್ನು ದೂರದಿಂದ ನೋಡುತ್ತಾ ಒಂದು ಕಡೆ ಚಪ್ಪಾಳೆ ತಟ್ಟುವ ಮೊದಲು ನಮ್ಮದೇ ಚರಿತ್ರೆ ನೆನೆಯಬೇಕು. ಒಂದು ಕಾಲಕ್ಕೆ ಜಗಳದ ವಿಷಯ ನಾವೇ ಆಗಿದ್ದೆವು! ಬಿಷಪರ ಹಸ್ತದಿಂದ ಅಭಿಷೇಕ ಪಡೆಯದ ಪಾದ್ರಿಗಳನ್ನು ಹಾಗೆಯೇ ಒಳಗೆ ಸೇರಿಸಿಕೊಂಡ ಸಿ.ಎಸ್.ಐ.ಯನ್ನು ಇಂಗ್ಲೆಂಡಿನ ಎಷ್ಟೋ ಆಂಗ್ಲಿಕನ್ನರು ಅನುಮಾನದಿಂದ ನೋಡಿದರು. 1948ರ ಲ್ಯಾಂಬೆತ್‌ನಲ್ಲಿ ನಮ್ಮ ಬಗ್ಗೆ ಒಮ್ಮತ ಮೂಡಲಿಲ್ಲ. ನಮ್ಮ ಪಕ್ಕದ ಕರ್ನೂಲು ಸೀಮೆಯ ನಂದ್ಯಾಲದಲ್ಲೇ ಆಂಗ್ಲಿಕನ್ನರ ಒಂದು ದೊಡ್ಡ ಭಾಗ ಐಕ್ಯಕ್ಕೆ ಸೇರದೆ ಹೊರಗುಳಿಯಿತು. ಅವರು ಸಿ.ಎಸ್.ಐ.ಗೆ ಬಂದದ್ದು 1970ರ ದಶಕದಲ್ಲಿ. ಜಗತ್ತಿನ ಆಂಗ್ಲಿಕನ್ ಕುಟುಂಬದಲ್ಲಿ ನಮಗೆ ಪೂರ್ತಿ ಜಾಗ ಸಿಗಲು ಸುಮಾರು ನಾಲ್ಕು ದಶಕ ಕಾಯಬೇಕಾಯಿತು. ಆ ನಾಲ್ಕು ದಶಕವೂ ಪತ್ರ ಬರೆದವರು, ಬಂದು ಹೋದವರು, ನಮ್ಮ ಪರವಾಗಿ ಅಲ್ಲಿ ಮಾತಾಡಿದವರು ಇದ್ದದ್ದರಿಂದ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆ ಋಣ ನಮ್ಮ ಮೇಲಿದೆ.

"ಹಾಗಾದರೆ ಸ್ನೇಹಕ್ಕಾಗಿ ಸತ್ಯ ಬಿಟ್ಟುಕೊಡಬೇಕಾ?" ಎಂದು ನೀವು ಕೇಳಬಹುದು. ಬೇಡ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಓದುತ್ತೇವೆ. ಅದೇ ಪೌಲನು ಮಕೆದೋನ್ಯ, ಅಖಾಯ ಎಂದು ಊರೂರು ತಿರುಗಿ ಕಾಣಿಕೆ ಕೂಡಿಸಿ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹೊತ್ತುಕೊಂಡು ಹೋದನು. ಎದುರು ಮಾತಾಡುವುದೂ ಕೈ ಬಿಡದಿರುವುದೂ ಒಬ್ಬನೇ ಮನುಷ್ಯನಲ್ಲಿ ಇದ್ದವು. ಇನ್ನೊಂದನ್ನು ಗಮನಿಸಿ, ಅಲ್ಲಿ ಕೊಟ್ಟವರು ಹೊಸ ಸಭೆಗಳು, ಪಡೆದದ್ದು ತಾಯಿಸಭೆ. ಎರಡೂ ಕಡೆ ಬಾಣ ಎಂಬುದು 1963ರ ಹೊಸ ವಿಚಾರವೇನಲ್ಲ.

ಇನ್ನು ಕೆಲವರು, "ಸ್ನೇಹದಿಂದ ಹಾಸ್ಟೆಲಿನ ಸೋರುವ ಮಾಳಿಗೆ ನಿಲ್ಲತ್ತಾ?" ಎನ್ನುತ್ತಾರೆ. ನ್ಯಾಯವಾದ ಮಾತು. ಹಣ ಬೇಕು. ಆದರೆ ಪರದೇಶದ ಹಣಕ್ಕೆ ಈಗ ಎಫ್.ಸಿ.ಆರ್.ಎ. ಕಾನೂನಿನ ಬಿಗಿ ಇದೆ. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಯ ಮೂಲಕವೇ ಬರಬೇಕು. ಆ ದಾರಿ ಕಿರಿದಾದಾಗ ಹಣಕ್ಕಾಗಿ ಮಾತ್ರ ಇದ್ದ ನಂಟು ಒಣಗುತ್ತದೆ. ಪ್ರಾರ್ಥನೆಗೆ, ಪತ್ರಕ್ಕೆ, ಭೇಟಿಗೆ, ಒಬ್ಬರ ಅನುಭವದಿಂದ ಇನ್ನೊಬ್ಬರು ಕಲಿಯುವುದಕ್ಕೆ ಹಣದ ಖಾತೆ ಬೇಕಿಲ್ಲ. ಮಾಳಿಗೆಯ ಹೊಣೆಯನ್ನು ನಾವೂ ಹೊರಲು ಕಲಿಯೋಣ. ಆಗ ಪರದೇಶದ ಸ್ನೇಹಿತರ ಮುಂದೆ ತಲೆ ಎತ್ತಿ ಕೂರಬಹುದು.

ನಮ್ಮ ಹತ್ತಿರ ಕೊಡಲು ಏನಿದೆ?

ಬಹಳ ಇದೆ. ನಾವು ಗಡಿಯ ಜನ. ಡಯಾಸಿಸಿನ ಸುತ್ತೋಲೆ ತೆಲುಗಿನಲ್ಲಿ ಬಂದರೂ ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ಒಂದೇ ಬೆಂಚಿನಲ್ಲಿ ಎರಡು ಭಾಷೆಯ ಕೀರ್ತನೆ ಪುಸ್ತಕ ಹಿಡಿದು ಹಾಡುತ್ತೇವೆ. ಸಿ.ಎಸ್.ಐ. ಕೂಡ ನಾಲ್ಕು ದೊಡ್ಡ ಭಾಷೆಗಳ ಸಭೆ. ಅದರ ಜಾಫ್ನಾ ಡಯಾಸಿಸ್ ಶ್ರೀಲಂಕಾದಲ್ಲೇ ಇದೆ, ಅಂದರೆ ನಮ್ಮ ಸಭೆಯೇ ಎರಡು ದೇಶಗಳಲ್ಲಿದೆ. ಬೇರೆ ಬೇರೆ ಪದ್ಧತಿಯವರು ಕೂಡಿ ಬಾಳಬಹುದು ಎಂಬುದನ್ನು ನಾವು 1947ರಿಂದ, ತಪ್ಪು ಒಪ್ಪುಗಳ ನಡುವೆಯೇ, ಬಾಳಿ ತೋರಿಸುತ್ತಿದ್ದೇವೆ. ಒಡೆಯುತ್ತಿರುವ ಕುಟುಂಬಕ್ಕೆ ಇದಕ್ಕಿಂತ ಬೇಕಾದ ಕಾಣಿಕೆ ಯಾವುದು?

ಹಾಗಾಗಿ ನಮ್ಮ ಪಾಸ್ಟರೇಟ್ ಕಮಿಟಿಯ ಮುಂದೆ, ಅಯ್ಯನವರ ಮುಂದೆ, ಮತ್ತು ನಮ್ಮ ಡಯಾಸಿಸಿನ ಹಿರಿಯರ ಮುಂದೆ ವಿನಯದಿಂದ ನಾಲ್ಕು ಮಾತು ಇಡುತ್ತೇನೆ.

ಒಂದು, ಜಗತ್ತಿನ ಪ್ರತಿ ಡಯಾಸಿಸಿಗಾಗಿ ಸರದಿಯಂತೆ ಪ್ರಾರ್ಥಿಸಲು ಆಂಗ್ಲಿಕನ್ ಪ್ರಾರ್ಥನಾ ಪಟ್ಟಿ ಇದೆ. ಭಾನುವಾರದ ಮಧ್ಯಸ್ಥಿಕೆ ಪ್ರಾರ್ಥನೆಯಲ್ಲಿ ಅದರಿಂದ ಒಂದು ಡಯಾಸಿಸಿನ ಹೆಸರು ಹೇಳೋಣ. ಯುವಕರ ಕೂಟದವರು ಆ ದೇಶದ ಬಗ್ಗೆ ಎರಡು ನಿಮಿಷ ತಿಳಿಸುತ್ತೇವೆ.

ಎರಡು, ನಮ್ಮ ನಾಯಕರು ಪರದೇಶದ ಸಭೆಗಳನ್ನು ಕಂಡು ಬಂದಾಗ ಅಲ್ಲಿ ಏನು ಮಾತಾಯಿತು, ಏನು ಒಪ್ಪಿದರು, ಏನು ಒಪ್ಪಲಿಲ್ಲ ಎಂಬುದು ಸಭೆಗಳಿಗೆ ತಲುಪಲಿ. ಕನ್ನಡಕ್ಕೆ ತರುವ ಕೆಲಸ ನಮ್ಮ ಮೇಲೆ ಹಾಕಿ, ಮಾಡುತ್ತೇವೆ.

ಮೂರು, ಅಂಥ ನಿಯೋಗದಲ್ಲಿ ಒಬ್ಬ ಯುವಕನಿಗೋ ಯುವತಿಗೋ ಜಾಗ ಇರಲಿ. ಆಂಗ್ಲಿಕನ್ ಕನ್ಸಲ್ಟೇಟಿವ್ ಕೌನ್ಸಿಲ್ 1971ರಲ್ಲಿ ಕೀನ್ಯಾದ ಲಿಮುರುವಿನಲ್ಲಿ ಮೊದಲ ಸಲ ಸೇರಿದಾಗಿನಿಂದಲೂ ಅಲ್ಲಿ ಪಾದ್ರಿಗಳಲ್ಲದ ಸಾಮಾನ್ಯ ವಿಶ್ವಾಸಿಗಳೂ ಕೂರುತ್ತಾರೆ. ಜಗತ್ತಿನ ಮಟ್ಟದಲ್ಲಿ ಆಗುವುದು ನಮ್ಮಲ್ಲೂ ಆಗಬಹುದು.

ನಾಲ್ಕು, ಪರದೇಶದ ಅತಿಥಿಗಳು ಬಂದಾಗ ಹಾರ, ಶಾಲು, ಭಾಷಣಕ್ಕೇ ದಿನ ಮುಗಿಸುವುದು ಬೇಡ. ನಮ್ಮ ಮನೆಗಳಿಗೆ ಕರೆದುಕೊಂಡು ಹೋಗೋಣ. ನೆಲದ ಮೇಲೆ ಕೂರಿಸಿ ರೊಟ್ಟಿ ಚಟ್ನಿ ಬಡಿಸೋಣ. ನಮ್ಮ ಬೇಡಿಕೆ ಪಟ್ಟಿಗೆ ಮೊದಲು ಅವರ ಸಭೆಯ ಕಷ್ಟ ಕೇಳೋಣ. ಅವರಲ್ಲೂ ಖಾಲಿಯಾಗುತ್ತಿರುವ ಬೆಂಚುಗಳಿವೆ, ಒಂಟಿಯಾದ ಮುದುಕರಿದ್ದಾರೆ, ದೇವರ ಬಗ್ಗೆ ಕೇಳದೆ ಬೆಳೆದ ಮಕ್ಕಳಿದ್ದಾರೆ. ಅವರಿಗಾಗಿ ನಾವು ಪ್ರಾರ್ಥಿಸಿದರೆ ಅದೇ ನಮ್ಮ ಕಡೆಯ ಬಾಣ.

ಅಜರಾಯರು ಎಡಿನ್‌ಬರೋದಲ್ಲಿ ಸ್ನೇಹಿತರನ್ನು ಕೇಳಿ ನೂರು ವರ್ಷ ದಾಟಿತು. ಅಂದು ಕೇಳುವ ಸರದಿ ನಮ್ಮದಾಗಿತ್ತು. ಇಂದು ಸುಡಾನಿನಲ್ಲಿ, ಜಾಫ್ನಾದಲ್ಲಿ, ಇಂಗ್ಲೆಂಡಿನಲ್ಲಿ ಕೂಡ ಅದನ್ನೇ ಕೇಳುವವರಿದ್ದಾರೆ. ಮುಂದಿನ ಸಲ ಪರದೇಶದ ಬಿಷಪರು ಬರುತ್ತಾರೆಂಬ ಸುದ್ದಿ ಬಂದಾಗ, "ಅವರಿಗಾಗಿ ನಾವೇನು ಮಾಡೋಣ?" ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಲಿ. ಕರ್ತನು ನಮಗೆ ಅಂಥ ಮನಸ್ಸು ಕೊಡಲಿ. ಆಮೆನ್.